ಮೂರನೇ ಲೋಟ

ಕಲ್ಲು ಒಳ್ಳೆಯದೇ, ಆದರೆ ಸೋಮಾರಿ.
ಆದೋನಿಯ ಹತ್ತಿ ಮಾರ್ಕೆಟ್ಟಿನ ಹಿಂದೆ
ಯಾರದೋ ಮನೆಗೆ ಹಾಸಿ ಮಿಕ್ಕ ಕಡಪ ಬಂಡೆ, ಗೇಣುದ್ದ,
ನಮ್ಮ ಮಾವ ಎರಡು ತಲೆ ಬೋಳಿಸಿ ಕೂಲಿಗೆ ಬದಲು ಹೊತ್ತು ತಂದದ್ದು.
ಬರೀ ನೀರು ಹಾಕಿ ಮಸೆದರೆ
ಬೆಳಗಿನ ಮಿಲ್ಲಿನ ಕೂಗಿಗೆ ಕೂತವಳು
ಮಧ್ಯಾಹ್ನದ ಕೂಗಿಗೂ ಎದ್ದಿರುವುದಿಲ್ಲ.
ಅದಕ್ಕೇ ಪುಡಿ.

ಪುಡಿ ಖಾಜಾವಲಿಯ ಕನ್ನಡಕದಂಗಡಿಯದು.
ಗಾಜು ಅರೆದು ಅರೆದು ತೊಟ್ಟಿಯಲ್ಲಿ ಉಳಿದ ಬೂದು ಕೆಸರನ್ನು
ಹಾರ್ಲಿಕ್ಸ್ ಸೀಸೆಯಲ್ಲಿ ತುಂಬಿ ಕೊಡುತ್ತಿದ್ದ,
ಬದಲಿಗೆ ವಾರಕ್ಕೊಂದು ಗಡ್ಡ ಪುಕ್ಕಟೆ.
ಅದರಲ್ಲಿ ಎಲ್ಲಾ ಕಲೆತಿರುತ್ತಿತ್ತು: ಒರಟು, ನಯ,
ಗಾಜಿನ ಚೂರು, ಅವನ ಬೀಡಿಯ ಬೂದಿ.
ಬಿಡಿಸುವುದು ನನ್ನ ಕೆಲಸ.

ಬಕೀಟಿನ ನೀರಿಗೆ ಸುರಿದು, ಕದಡಿ,
ಇಪ್ಪತ್ತು ಎಣಿಸಬೇಕು. ಮೇಲಿನ ನೀರು ಬಗ್ಗಿಸಿಕೊಳ್ಳಬೇಕು.
ಅಡಿಗೆ ಕೂತದ್ದು ಕುಡುಗೋಲಿಗೆ, ಈಳಿಗೆಗೆ.
ಬಗ್ಗಿಸಿದ್ದನ್ನು ಮತ್ತೆ ಕದಡಿ ಮುನ್ನೂರು;
ಅದರ ಅಡಿಯದು ಕತ್ತರಿಗೆ.
ಆಮೇಲೂ ಕೂರಲೊಲ್ಲೆ ಅನ್ನುತ್ತಾ
ಹಾಲಿನ ಪಾತ್ರೆ ತೊಳೆದ ನೀರಿನ ಹಾಗೆ ನಿಂತಿರುತ್ತಲ್ಲ,
ಅದು ಮೂರನೇ ಲೋಟ.
ಅದಕ್ಕೆ ಎಣಿಕೆ ಸಾಲದು, ರಾತ್ರಿ ಪೂರ್ತಿ ಬೇಕು.
ಅದು ನಮ್ಮಾತನ ಕತ್ತಿಗೆ.

(ಆತನ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ.
ಉರುಕುಂದಿ ದೇವರಿಗೆ ಹೊತ್ತು ಹಡೆದ ಮಗ, ಅಷ್ಟು ತಿಳಿದುಕೊಳ್ಳಿ.)

ಅಂಗಡಿಯ ಬೋರ್ಡು ತೆಲುಗು, ಚಿಲ್ಲರೆ ತೆಲುಗು,
ಗಿರಾಕಿಯ ಜಗಳವೂ ತೆಲುಗು.
ಹಿತ್ತಿಲಲ್ಲಿ ಪುಡಿಗೆ ಮಾತ್ರ ನಾನು ಕನ್ನಡದಲ್ಲೇ ಎಣಿಸುತ್ತಿದ್ದೆ,
ನೂರಾದಾಗ ಒಂದು ಹುಣಸೆಬೀಜ ಪಕ್ಕಕ್ಕಿಟ್ಟು.

ಕಲ್ಲಿನ ಮೇಲೆ ಚಿಟಿಕೆ, ಮೂರು ಹನಿ ನೀರು.
ಕತ್ತಿ ಮಲಗಿಸಿ, ಬೆನ್ನು ಎತ್ತದೆ,
ಅಲಗು ಮುಂದಾಗಿ ಒಮ್ಮೆ, ಮಗುಚಿ ಒಮ್ಮೆ.
ಮೊದಲು ಸರಸರ ಸದ್ದು.
ಬರಬರುತ್ತಾ ಪುಡಿಯೂ ಸವೆಯುತ್ತದೆ,
ಕತ್ತಿಯನ್ನು ತಿನ್ನುತ್ತಾ ತಾನೂ ತಿನ್ನಿಸಿಕೊಳ್ಳುತ್ತದೆ;
ಸದ್ದು ನಿಂತ ಮೇಲೂ ಕೈ ನಿಲ್ಲಿಸಬಾರದು.
ಮಸೆಯುವುದು ನಾನು. ಹರಿತ ನೋಡುವುದು ಆತ,
ತನ್ನ ಎಡ ಮುಂಗೈ ಮೇಲೆ.
ಮದುವೆಯಾದಾಗಿನಿಂದ ಆ ಕೈಗೆ ಕೂದಲಿದ್ದದ್ದು ಕಂಡಿರಲಿಲ್ಲ.

ಒಂದು ಸಲ ಉಗುರುಸಂದಿಯಲ್ಲಿ ಒಂದು ಕಣ ಉಳಿದಿತ್ತು.
ಒಂದೇ, ಮೊದಲ ಲೋಟದ್ದು.
ಹತ್ತಿ ದಲಾಲಿ ಪಂಪಣ್ಣನ ಗಲ್ಲದ ಮೇಲೆ
ಅಕ್ಕಿಕಾಳಿನಷ್ಟು ಕೆಂಪು ಗೀಟು.
ಬೀದಿಗೆಲ್ಲಾ ಕೇಳುವಂತೆ ಬೈದ, ದುಡ್ಡು ಕೊಡದೆ ಎದ್ದ.
ಆತ ಮನೆಗೆ ಬಂದು ನನಗೆ ಏನೂ ಅನ್ನಲಿಲ್ಲ.
ಪೇಟೆಯಿಂದ ಹಲ್ಲುಜ್ಜುವ ಬ್ರಷ್ಷೊಂದು ತಂದಿದ್ದ,
ಉಗುರಿಗೆ.
ಬೈದಿದ್ದರೆ ಮರೆತುಬಿಡುತ್ತಿದ್ದೆ.

ಆಮೇಲೆ ಅರ್ಧ ಬ್ಲೇಡು ಬಂತು.
ಗಿರಾಕಿಯ ಕಣ್ಣೆದುರೇ ಕಾಗದ ಬಿಚ್ಚಿ, ಮುರಿದು, ಸಿಕ್ಕಿಸಿ, ಎಸೆಯುವುದು.
ಒಳ್ಳೆಯದೇ. ಯಾರ ರೋಗ ಯಾರಿಗೆ ಯಾಕೆ.
ಕತ್ತಿ ಎಣ್ಣೆಬಟ್ಟೆ ಸುತ್ತಿಕೊಂಡು ಟ್ರಂಕಿಗೆ ಹೋಯಿತು.
ಕಲ್ಲಿನ ಮೇಲೆ ನೀರಿನ ಕೊಡ ಇಟ್ಟೆ;
ಮಸೆದು ತಗ್ಗಾದ ನಡುವಿನಲ್ಲಿ ಅದರ ತಳ ಅಲುಗದೆ ಕೂರುತ್ತದೆ.

ಮೊನ್ನೆ ಇಲಿ ಹುಡುಕುತ್ತಾ ಅಟ್ಟ ಹತ್ತಿದರೆ
ಟ್ರಂಕಿನ ಹಿಂದೆ ಮೂರನೇ ಲೋಟ, ತಟ್ಟೆ ಮುಚ್ಚಿದ್ದು ಹಾಗೇ.
ನೀರು ಆರಿ ಯಾವ ಕಾಲವಾಯಿತೋ,
ತಳದಲ್ಲಿ ಹಲ್ಲಿಮೊಟ್ಟೆಯ ಸಿಪ್ಪೆಯಂಥ ಪದರ.
ಬೆರಳಿಟ್ಟೆ. ಬೆರಳಿಗೆ ಏನೂ ತಾಕಲಿಲ್ಲ.

ಕೊಡ ಕೆಳಗಿಳಿಸಿದೆ.
ಉಗುರು ತಿಕ್ಕಿಕೊಂಡೆ, ಎರಡು ಸಲ.
ಎಷ್ಟು ಹೊತ್ತು ಮಸೆದೆನೋ, ಈಗ ಮಿಲ್ಲು ಕೂಗುವುದಿಲ್ಲ.
ಹರಿತ ನೋಡುವ ಕೈ ಅಂಗಡಿಯಲ್ಲಿತ್ತು.
ನನ್ನ ಬಳೆಗಳನ್ನೇ ಮೊಣಕೈಗೆ ಸರಿಸಿದೆ.

ರಾತ್ರಿ ಬಡಿಸುವಾಗ ಆತ ನೋಡಿದ,
ನನ್ನ ಮುಂಗೈಯಲ್ಲಿ ರೂಪಾಯಿಯಗಲ ಬೋಳು.
ಆತನ ಕೈತುಂಬ ಈಗ ಬಿಳಿ ಕೂದಲು.
ರೊಟ್ಟಿ ಮುರಿಯುತ್ತಾ ಕೇಳಿದ,
"ಎಷ್ಟು ಎಣಿಸಿದಿ?"

"ಹದಿನೇಳು ವರ್ಷ."